ನಾನು ಶಾಯಿ ಹಚ್ಚಿದ ಲೋಕಸಭೆಗಳು

ನಮ್ಮ ಕ್ಷೇತ್ರದಲ್ಲಿ ಯಾವ ಸಲ ಯಾರು ಗೆದ್ದರು, ಯಾರು ಠೇವಣಿ ಕಳಕೊಂಡರು ಎಂದು ಹೇಳುವವರು ಕುಮಟಾದ ಯಾವ ಚಾ ಅಂಗಡಿಗೆ ಹೋದರೂ ನಾಲ್ಕು ಜನ ಸಿಗುತ್ತಾರೆ. ನನ್ನ ಹತ್ತಿರ ಇರುವುದು ಬೇರೆ ಇತಿಹಾಸ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನ ಮತದಾರರ ಎಡಗೈ ತೋರುಬೆರಳನ್ನು ನನ್ನಷ್ಟು ಹತ್ತಿರದಿಂದ ಬಲ್ಲವರು ಇನ್ನೊಬ್ಬರಿಲ್ಲ.

ಆಗೆಲ್ಲ ದೆಹಲಿಯಲ್ಲಿ ಸರ್ಕಾರ ನಿಲ್ಲುತ್ತಲೇ ಇರಲಿಲ್ಲ. ಅಲ್ಲಿ ಸರ್ಕಾರ ಬಿದ್ದರೆ ಇಲ್ಲಿ ನನಗೆ ಡ್ಯೂಟಿ ಆರ್ಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರು. ಪ್ರತಿ ಚುನಾವಣೆಯಲ್ಲೂ ನನಗೆ ಏನಾದರೊಂದು ಆಗಿಯೇ ಆಗುತ್ತಿತ್ತು. ಅದು ಆಗುವಾಗ ಪಕ್ಕದಲ್ಲಿ, ಇಲ್ಲವೇ ಒಂದು ಮೆಟ್ಟಿಲು ಮೇಲೆ, ನಮ್ಮ ವಿಜ್ಞಾನ ಮಾಸ್ತರು ಇದ್ದೇ ಇರುತ್ತಿದ್ದ.

ಅವನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವಿಬ್ಬರೂ ಒಂದೇ ದಿನ ನೌಕರಿಗೆ ಸೇರಿದವರು. ಒಂದೇ ಸಂಬಳ, ಒಂದೇ ಸ್ಟಾಫ್‌ರೂಮು, ಒಂದೇ ಮೇಜು. ಆದರೆ ಮತಗಟ್ಟೆಯಲ್ಲಿ ಅವನು ಪ್ರತಿ ಸಲ ಪ್ರಿಸೈಡಿಂಗ್ ಆಫೀಸರು, ನಾನು ಪ್ರತಿ ಸಲ ಎರಡನೇ ಪೋಲಿಂಗ್ ಆಫೀಸರು, ಅಂದರೆ ಬೆರಳಿಗೆ ಶಾಯಿ ಹಚ್ಚುವವ. ನನಗೆ ಹೊಟ್ಟೆಕಿಚ್ಚು ಇತ್ತಾ ಎಂದು ಕೇಳಿದರೆ, ಇತ್ತು. ಮುಚ್ಚಿಡುವುದು ಎಂತಕ್ಕೆ? ರಿಟೈರಾಗುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ಅವನ ಎದುರಿಗೆ ಆ ದೊಡ್ಡ ಕುರ್ಚಿಯಲ್ಲಿ ಕೂರಬೇಕು ಎಂಬುದು ನನ್ನ ಜೀವದ ಆಸೆಯಾಗಿತ್ತು.

೧. ಕೈ ನಯ ಇದ್ದವರು

ಶಾಯಿ ನನ್ನ ಹಣೆಯಲ್ಲಿ ಬರೆದದ್ದು ಹೇಗೆ ಎಂದರೆ, ಅದನ್ನು ಬರೆಸಿದವನೂ ಅವನೇ.

ತೊಂಬತ್ತೆಂಟರ ಚುನಾವಣೆ. ಕುಮಟಾದಲ್ಲಿ ತರಬೇತಿ. ನಮ್ಮ ತಂಡಕ್ಕೆ ಅವನನ್ನು ಪ್ರಿಸೈಡಿಂಗ್ ಆಫೀಸರ್ ಮಾಡಿ ಆಗಿತ್ತು. ಉಳಿದ ಮೂವರಲ್ಲಿ ಯಾರಿಗೆ ಯಾವ ಕೆಲಸ ಎಂದು ತರಬೇತಿಯ ಸಾಹೇಬರು ಕೇಳಿದರು.

"ಒಂದನೇ ಆಫೀಸರು ಪಟ್ಟಿ ನೋಡಿ ಹೆಸರು ಓದೂದು. ದೊಡ್ಡ ದನಿ ಬೇಕು. ಯಾರು?"

ನಾನು ಕೈ ಎತ್ತಿದೆ. ಇಪ್ಪತ್ತು ವರ್ಷ ಹಳಗನ್ನಡ ಪದ್ಯ ಓದಿದ ಗಂಟಲು ನನ್ನದು.

ವಿಜ್ಞಾನ ಮಾಸ್ತರು ಎದ್ದು ನಿಂತ. "ಸಾರ್, ಇವರನ್ನ ಓದೂಕೆ ಹಾಕಿದ್ರೆ ಲುಕ್ಸಾನು. ನಮ್ಮ ಶಾಲೆಯ ಬೋರ್ಡು, ಬ್ಯಾನರು ಎಲ್ಲಾ ಇವರೇ ಬರೆಯೂದು. ಬ್ರಷ್ ಹಿಡಿದ್ರೆ ಒಂದು ಹನಿ ಆಚೀಚೆ ಬೀಳೂದಿಲ್ಲ. ಶಾಯಿ ಹಚ್ಚೂಕೆ ಇಂಥ ಕೈ ಬೇಕು."

ಇಡೀ ಹಾಲು ನನ್ನ ಕೈ ನೋಡಿತು. ಸಾಹೇಬರು ತಲೆದೂಗಿ ನನ್ನ ಹೆಸರಿನ ಎದುರು 'ಎರಡು' ಎಂದು ಬರೆದರು. ಒಬ್ಬ ಮನುಷ್ಯನನ್ನು ಹೊಗಳಿ ಹೊಗಳಿ ಕೆಳಗೆ ಕೂರಿಸಬಹುದು ಎಂದು ನನಗೆ ಅವತ್ತು ಗೊತ್ತಾಯಿತು. ಊಟದ ಬಿಡುವಿನಲ್ಲಿ ಅವನು ನನ್ನ ಬೆನ್ನು ತಟ್ಟಿ, "ನಿನ್ನ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದೆ ನೋಡು, ಒಂದು ಚಾ ಆದ್ರೂ ಕುಡಿಸು ಮಾರಾಯಾ" ಅಂದ.

ಕುಡಿಸಿದೆ. ಅವನಿಗೆ ಚಾ ತಣ್ಣಗಾಗಿದೆ ಅನ್ನಿಸಿತಂತೆ, ಇನ್ನೊಂದು ಕೇಳಿದ.

೨. ಬಣ್ಣ ಹಚ್ಚುವ ತಮ್ಮ

ಆ ಸಲ ನಮಗೆ ಸಿಕ್ಕಿದ್ದು ಕತಗಾಲದ ಕಡೆಯ ಒಂದು ಬೂತು. ಬೆಳಿಗ್ಗೆ ಏಳಕ್ಕೇ ಸಾಲು. ವಿಜ್ಞಾನ ಮಾಸ್ತರು ಹಿಂದಿನ ಗೋಡೆಗೆ ದೊಡ್ಡ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕೈಯಲ್ಲಿ ಕೆಲಸ ಏನೂ ಇಲ್ಲ, ಮುಖದಲ್ಲಿ ಮಾತ್ರ ದೇಶದ ಭಾರವೆಲ್ಲ ಇತ್ತು. ನಾನು ಬಾಗಿಲ ಹತ್ತಿರ, ಬೆಂಚಿನ ಮೇಲೆ, ಶಾಯಿಯ ಬಾಟ್ಲಿ ಮತ್ತು ಕಡ್ಡಿ ಹಿಡಿದುಕೊಂಡು.

ಒಬ್ಬ ಅಜ್ಜಮ್ಮ ಬಂದರು. ಒದ್ದೆ ಸೀರೆ. ನಾನು ಬೆರಳು ಹಿಡಿಯಲು ಹೋದೆ. ಅಜ್ಜಮ್ಮ ಎರಡು ಹೆಜ್ಜೆ ಹಿಂದೆ ಹಾರಿದರು.

"ಮುಟ್ಟಡ ತಮಾ, ನಾ ಮಡಿಲಿ ಇದ್ದಿ."

"ಅಮ್ಮಾ, ಶಾಯಿ ಹಚ್ಚದೆ ಓಟು ಕೊಡುವ ಹಾಗಿಲ್ಲ."

"ಹಚ್ಚಡ ಹೇಳಿ ಯಾರು ಹೇಳಿದ? ಮುಟ್ಟಡ ಹೇಳಿದ್ದು."

ಕೊನೆಗೆ ಒಪ್ಪಂದವಾಯಿತು. ಅವರು ಎಡಗೈ ಬೆರಳು ಚಾಚಿ ಆ ಕಡೆ ನಿಲ್ಲುವುದು, ನಾನು ಈ ಕಡೆಯಿಂದ ಕಡ್ಡಿಯಲ್ಲಿ ಹನಿ ಬಿಡುವುದು. ಮೊದಲ ಹನಿ ನನ್ನ ಪ್ಯಾಂಟಿಗೆ ಬಿತ್ತು. ಎರಡನೆಯದು ಪಕ್ಕದಲ್ಲಿ ಕೂತ ಪಾರ್ಟಿ ಏಜೆಂಟರೊಬ್ಬರ ಪಂಚೆಗೆ. ಮೂರನೆಯದು ಬೆರಳಿಗೆ ಬಿತ್ತು, ಬೂತಿನವರೆಲ್ಲ ಚಪ್ಪಾಳೆ ತಟ್ಟಿದರು. ಅಜ್ಜಮ್ಮನಿಗೆ ನನ್ನ ಮೇಲೆ ಕನಿಕರ ಬಂತು.

"ತಮಾ, ನಿಂಗೆ ನೌಕರಿ ಎಂತು?"

"ಮಾಸ್ತರು ಅಮ್ಮಾ. ಹೈಸ್ಕೂಲು."

ಅವರು ಗೋಡೆಯ ಹತ್ತಿರದ ದೊಡ್ಡ ಕುರ್ಚಿಯನ್ನು ನೋಡಿದರು, ನನ್ನ ಬೆಂಚು ನೋಡಿದರು, ನನ್ನ ಪ್ಯಾಂಟು ನೋಡಿದರು.

"ಅವನೂ ಮಾಸ್ತರನಾ? ಹಂಗಾರೆ ಅವ ಚಂದಾಗಿ ಓದಿದ್ದ ಕಾಣ್ತು. ನೀ ಸಣ್ಣಿಪ್ಪಾಗ ಸಮಾ ಓದಿದ್ರೆ ಬಣ್ಣ ಹಚ್ಚೋ ಕೆಲಸ ಬತ್ತಿತ್ತಿಲ್ಲೆ."

೩. ನಾನು ತಿನ್ನದ ಕೋಳಿ

ಮರುವರ್ಷವೇ ಮತ್ತೆ ಚುನಾವಣೆ. ಈ ಸಲ ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ. ಎರಡು ಬಣ್ಣದ ಮತಪತ್ರ, ಎರಡು ಪೆಟ್ಟಿಗೆ. ಶಾಯಿ ಮಾತ್ರ ಒಂದೇ. ಅವನಿಗೆ ಶಿರಾಲಿ ಹತ್ತಿರದ ಬೂತು, ನನಗೆ ಹೊನ್ನಾವರದ ಒಳಗಿನ ಒಂದು ಗುಡ್ಡದ ಶಾಲೆ. ನಮ್ಮ ಪ್ರಿಸೈಡಿಂಗ್ ಆಫೀಸರು ಬಹಳ ಶಿಸ್ತಿನವರು. ಊರವರ ಕೈಯಿಂದ ನೀರು ಸಹ ಕುಡಿಯಬಾರದು ಎಂದು ಮನೆಯಿಂದ ಅವಲಕ್ಕಿ ತಂದಿದ್ದರು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಅವಲಕ್ಕಿ, ಸಂಜೆ ಪೆಟ್ಟಿಗೆಗೆ ಸೀಲು ಹಾಕುವಾಗ ಉಳಿದ ಅವಲಕ್ಕಿ.

ಪೆಟ್ಟಿಗೆ ಒಪ್ಪಿಸುವಲ್ಲಿ ಅವನು ಸಿಕ್ಕಿದ. ಹಲ್ಲಿಗೆ ಕಡ್ಡಿ ಹಾಕುತ್ತಾ ನಿಂತಿದ್ದ.

"ಊಟಕ್ಕೆ ಎಂತ ಇತ್ತು?" ಕೇಳಿದ.

ಹೀಗೆ ಕೇಳುವವನು ತನ್ನದನ್ನು ಹೇಳಲಿಕ್ಕೇ ಕೇಳುವುದು. ನಾನು ಬಾಯಿ ತೆರೆಯುವುದರೊಳಗೆ ಅವನೇ ಶುರು ಮಾಡಿದ. ಅವರ ತಂಡದಲ್ಲಿ ಒಬ್ಬರಿಗೆ ಪಕ್ಕದಲ್ಲೇ ಅಕ್ಕನ ಮನೆಯಂತೆ. ಕಾಣೆ ಮೀನು ಹುರಿದದ್ದು, ಬಂಗಡೆ ಸಾರು, ಕುಚ್ಚಕ್ಕಿ ಅನ್ನ. "ಬೇಕಾದ್ರೆ ಕೈ ಮೂಸಿ ನೋಡು" ಎಂದು ಬಲಗೈಯನ್ನು ನನ್ನ ಮೂಗಿಗೇ ಹಿಡಿದ.

ನನ್ನ ಹೊಟ್ಟೆಯಲ್ಲಿ ಅವಲಕ್ಕಿ ಹೊತ್ತಿ ಉರಿಯಿತು. "ನಮಗೆ ಕೋಳಿ" ಅಂದೆ.

"ಕೋಳಿಯಾ? ಆ ಗುಡ್ಡದ ಮೇಲೆ?"

"ಊರಕೋಳಿ. ಮಸಾಲೆ ಕಡೆದು ಹಾಕಿದ್ದು. ಜೊತೆಗೆ ಹಲಸಿನೆಲೆಯಲ್ಲಿ ಬೇಯಿಸಿದ ಕೊಟ್ಟೆ ರೊಟ್ಟಿ. ನಮ್ಮ ಪ್ರಿಸೈಡಿಂಗ್ ಆಫೀಸರಿಗೆ ಮೂರು ಸಲ ಬಡಿಸಿದ್ರು, ಪಾಪ, ಬೇಡ ಅನ್ನೂಕೆ ಬಾಯಿ ಬರ್ಲಿಲ್ಲ."

ಅವನ ಮುಖ ಸಣ್ಣದಾಯಿತು. ಎಂಥ ಸಂತೋಷ! ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ಮೂರು ದಿನ ನಕ್ಕೆ.

ಐದು ವರ್ಷ ಕಳೆದು ಎರಡು ಸಾವಿರದ ನಾಲ್ಕು ಬಂತು. ಬೂತು ಹಂಚಿದರು. ಯಾವ ಗುಡ್ಡದ ಶಾಲೆ ನನಗೆ ಬಂದಿತ್ತೋ ಅದೇ ಶಾಲೆ ಈಗ ಅವನಿಗೆ. ನಾನು ಒಳಗೊಳಗೇ ಕುಣಿದೆ. ಹೋಗು ಮಾರಾಯಾ, ಹೋಗಿ ಅವಲಕ್ಕಿ ತಿನ್ನು.

ಚುನಾವಣೆ ಮುಗಿದ ಮರುದಿನ ಸ್ಟಾಫ್‌ರೂಮಿಗೆ ಬಂದವನೇ ನನ್ನನ್ನು ಅಪ್ಪಿಕೊಂಡ. "ನೀನು ಹೇಳಿದ್ದು ಒಂದಕ್ಷರ ಸುಳ್ಳಲ್ಲ! ಆ ಶಾಲೆಗೆ ಈಗ ಬಿಸಿಯೂಟದ ಅಕ್ಕ ಬಂದಿದ್ದಾರೆ. ನಾವೇ ಕೋಳಿ ತಂದುಕೊಟ್ಟೆವು. 'ಐದು ವರ್ಷದ ಹಿಂದೆ ಇಲ್ಲಿ ಕಡೆದ ಮಸಾಲೆಯಲ್ಲಿ ಮಾಡಿದ್ರಂತೆ, ಕೊಟ್ಟೆ ರೊಟ್ಟಿ ಮಾಡಿದ್ರಂತೆ, ನಮಗೂ ಹಾಗೇ ಮಾಡಿ' ಅಂದೆ. ಆ ಅಕ್ಕ ಹಟಕ್ಕೆ ಬಿದ್ದು ಮಾಡಿ ಹಾಕಿದ್ಲು ನೋಡು!"

ನಾನು ಆ ದಿನ ಭಟ್ಕಳದಲ್ಲಿ ತಿಂದದ್ದು ಎರಡು ಬಾಳೆಹಣ್ಣು.

೪. ಮಿಶಿನ್ನು ಕೂಗಿತು

ಭಟ್ಕಳದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಸಲ ಮೊದಲ ಬಾರಿ ನಾವು ಮತಯಂತ್ರ ಮುಟ್ಟಿದ್ದು. ತರಬೇತಿಗೆ ಹೋಗುವಾಗ ನನಗೆ ಒಂದು ದೊಡ್ಡ ಆಸೆ ಇತ್ತು. ಮತಪತ್ರ ಹೋಯಿತು, ಪೆಟ್ಟಿಗೆ ಹೋಯಿತು, ಮಡಚುವುದು ಹೋಯಿತು, ಹಾಗಾದರೆ ಇದೂ ಹೋಗಿರಬೇಕಲ್ಲ? ಕಡೆಗೆ ಎದ್ದು ಕೇಳಿಯೇಬಿಟ್ಟೆ.

"ಸಾರ್, ಎಲ್ಲಾ ಮಿಶಿನ್ನೇ ಮಾಡ್ತದೆ ಅಂದ್ರಲ್ಲ, ಶಾಯಿ?"

"ಶಾಯಿ ಮಾತ್ರ ಕೈಯಲ್ಲೇ."

ವೇದಿಕೆಯ ಮೇಲೆ ನಿಂತು ಮಿಶಿನ್ನು ತೋರಿಸುತ್ತಿದ್ದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ವಿಜ್ಞಾನ ಓದಿದವನೆಂದು ಅವನನ್ನೇ ಮಾಸ್ಟರ್ ಟ್ರೇನರ್ ಮಾಡಿದ್ದರು. ಗುಂಡಿಯ ಮೇಲೆ ಬೆರಳಿಟ್ಟು ನಿಂತ ಅವನ ಫೋಟೋ ಪೇಪರಿನಲ್ಲಿ ಬಂತು. ಅದೇ ಫೋಟೋದ ಮೂಲೆಯಲ್ಲಿ ಒಂದು ಮೊಣಕೈ ಕಾಣುತ್ತಿತ್ತು. ಅದು ನನ್ನದು ಎಂದು ಹೆಂಡತಿಗೆ ತೋರಿಸಿದೆ, ಅವಳು ನಂಬಲಿಲ್ಲ.

ಮತದಾನದ ದಿನ ನಮ್ಮ ಬೂತಿನಲ್ಲಿ ಕೊಂಕಣಿ, ನವಾಯತಿ, ಕನ್ನಡ ಮೂರೂ ಒಂದೇ ಸಾಲಿನಲ್ಲಿ ನಿಂತಿದ್ದವು. ಹತ್ತು ಗಂಟೆಗೆ ಮೀನುಗಾರಿಕೆಯ ಒಬ್ಬ ಅಜ್ಜ ರಟ್ಟಿನ ಮರೆಗೆ ಹೋದರು. ಗುಂಡಿ ಒತ್ತಿದ್ದು ಆಯಿತು, ಮಿಶಿನ್ನು 'ಕುಂಯ್' ಎಂದು ಉದ್ದಕ್ಕೆ ಕೂಗಿದ್ದೂ ಆಯಿತು. ಅಜ್ಜ ಹೊರಗೆ ಬರಲಿಲ್ಲ.

"ಎಂತ ಆತು ಅಜ್ಜಾ?" ನಾನು ಕೂತಲ್ಲಿಂದಲೇ ಕೇಳಿದೆ.

ಮರೆಯ ಹಿಂದಿನಿಂದ ಸಣ್ಣ ದನಿ ಬಂತು. "ನಾ ಬರೂದಿಲ್ಲ ಮಾಸ್ತರೇ. ಹೊರಗೆ ಎಲ್ಲಾ ಪಾರ್ಟಿಯವ್ರೂ ಕೂತಿದ್ದಾರೆ. ಗುಟ್ಟಲ್ಲಿ ಹಾಕಿ ಅಂದ್ರಿ, ಗುಟ್ಟಲ್ಲೇ ಹಾಕಿದೆ. ಈ ಚಾಡಿಕೋರ ಮಿಶಿನ್ನು ಕೂಗಿ ಹೇಳ್ಬಿಡ್ತಲ್ಲ!"

೫. ಹತ್ತು ಬೆರಳು

ಶಾಯಿ ಹಚ್ಚುವವನ ಕಷ್ಟ ಚುನಾವಣೆ ಮುಗಿದ ಮೇಲೆ ಶುರುವಾಗುತ್ತದೆ. ಓಟು ಹಾಕಿದವರಿಗೆ ಒಂದು ಬೆರಳು ಕಪ್ಪಾದರೆ ನನಗೆ ಹತ್ತೂ ಕಪ್ಪು. ಸೋಪು, ನಿಂಬೆಹಣ್ಣು, ಚಿಮಣಿ ಎಣ್ಣೆ, ಯಾವುದಕ್ಕೂ ಬಗ್ಗುವುದಿಲ್ಲ.

ಆ ವಾರವೇ ಕುಮಟಾದಲ್ಲಿ ನೆಂಟರ ಮನೆಯ ಮದುವೆ. ಪಾಯಸ ಬಡಿಸಲು ನಿಂತೆ. ಮೊದಲ ಪಂಕ್ತಿಯಲ್ಲಿ ಒಬ್ಬರು ನನ್ನ ಕೈ ನೋಡಿ ಎಲೆಗೆ ಅಡ್ಡ ಕೈ ಹಿಡಿದು "ಸಾಕು" ಅಂದರು. ಇನ್ನೂ ಹಾಕಿಯೇ ಇರಲಿಲ್ಲ. ಅವರ ಪಕ್ಕದವರಿಗೂ ಸಾಕು, ಅದರಾಚೆಯವರಿಗೆ ಸಕ್ಕರೆ ಕಾಯಿಲೆ. ಇಡೀ ಸಾಲಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಮದುಮಗಳ ಅಪ್ಪ ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡು, "ಭಾವಾ, ನೀವು ಬಂದವ್ರನ್ನ ಮಾತಾಡ್ಸಿ" ಅಂದರು.

ಮಾತಾಡಿಸಲು ಹೋದರೆ ಅಲ್ಲಿ ನಡುವೆ ಕೂತವನು ನಮ್ಮ ವಿಜ್ಞಾನ ಮಾಸ್ತರು. ಉಗುರಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಚೊಕ್ಕ ಚುಕ್ಕಿ. ಸುತ್ತ ಹತ್ತು ಜನ. "ಪ್ರಿಸೈಡಿಂಗ್ ಸಾಹೇಬ್ರೇ, ನಮ್ಮಲ್ಲಿ ಯಾರು ಬರ್ತಾರೆ ಹೇಳಿ" ಎಂದು ಕೇಳುತ್ತಿದ್ದರು. ಅವನು ಕಣ್ಣು ಮುಚ್ಚಿ, "ಹೇಳುವ ಹಾಗಿಲ್ಲ" ಅನ್ನುತ್ತಿದ್ದ. ಅವನಿಗೆ ಗೊತ್ತೂ ಇರಲಿಲ್ಲ.

ನನ್ನನ್ನು ಕಂಡ ಒಬ್ಬರು ಕೈ ನೋಡಿ ಕೇಳಿದರು, "ಮಾಸ್ತರೇ, ಗ್ಯಾರೇಜು ಯಾವಾಗ ಹಾಕಿದ್ರಿ?"

೬. ದೊಡ್ಡ ಕುರ್ಚಿ

ಎರಡು ಸಾವಿರದ ಒಂಬತ್ತು. ಆ ಸಲ ಕ್ಷೇತ್ರದ ಹೆಸರೇ ಬದಲಾಗಿತ್ತು. ಅಲ್ಲಿಯವರೆಗೆ ಆರ್ಡರಿನಲ್ಲಿ 'ಕೆನರಾ' ಎಂದಿರುತ್ತಿತ್ತು, ಈಗ 'ಉತ್ತರ ಕನ್ನಡ' ಎಂದು ಬಂತು. ಅದರ ಕೆಳಗಿನ ಸಾಲೂ ಬದಲಾಗಿತ್ತು. ನನ್ನ ಹೆಸರಿನ ಮುಂದೆ: ಮತಗಟ್ಟೆ ಅಧ್ಯಕ್ಷಾಧಿಕಾರಿ.

ಎರಡು ಸಲ ಓದಿದೆ. ಹೆಂಡತಿಯ ಕೈಯಲ್ಲಿ ಒಮ್ಮೆ ಓದಿಸಿದೆ. ಅವಳು ದೇವರಿಗೆ ದೀಪ ಹಚ್ಚಿ, ನನ್ನ ಬಿಳಿ ಅಂಗಿಗೆ ಗಂಜಿ ಹಾಕಿದಳು. ರಿಟೈರಾಗಲು ಒಂದೇ ವರ್ಷ ಬಾಕಿ. ನಾನು ಆರ್ಡರನ್ನು ಮಡಚದೆ, ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಸ್ಟಾಫ್‌ರೂಮಿಗೆ ಹೋದೆ.

"ಓಹೋ, ಪ್ರಮೋಷನ್ನು!" ಎಂದ ವಿಜ್ಞಾನ ಮಾಸ್ತರು. ನಿಜವಾಗಿಯೂ ಸಂತೋಷಪಟ್ಟ ಹಾಗೆ ಕಂಡಿತು. "ನಿನ್ನ ಬೂತು ಯಾವ್ದು?"

"ತೆಂಗಿನಗುಂಡಿ ಕಡೆ. ನಿನ್ನದು?"

"ನಂಗೆ ಬೂತು ಇಲ್ಲ ಮಾರಾಯಾ. ಈ ಸಲ ಸೆಕ್ಟರ್ ಆಫೀಸರ್ ಮಾಡಿದ್ದಾರೆ. ಜೀಪು ಕೊಡ್ತಾರೆ. ಹತ್ತು ಬೂತು ನೋಡ್ಕಳೂದು. ತೆಂಗಿನಗುಂಡಿಯೂ ನಂದೇ. ನಮ್ಮ ಶಿರಾಲಿಯೂ ಹತ್ರ. ನಡುವೆ ಹೋಗಿ ನಮ್ಮೂರ ಬೂತಲ್ಲೇ ಹೆಂಡತಿ ಸಂಗಡ ಓಟು ಹಾಕ್ತೆ."

ಹನ್ನೊಂದು ವರ್ಷ ಕಾದು ಆ ಮೆಟ್ಟಿಲು ಹತ್ತಿದೆ. ಹತ್ತಿ ನೋಡಿದರೆ ಅವನು ಅದರ ಮೇಲಿನ ಮೆಟ್ಟಿಲಿನಲ್ಲಿ, ಅದೂ ಜೀಪಿನಲ್ಲಿ! ದೇವರೇ, ನಿನಗೆ ನಾನು ಎಂತ ಮಾಡಿದ್ದೆ?

ಇರಲಿ. ಮತದಾನದ ದಿನ ಗಂಜಿ ಹಾಕಿದ ಅಂಗಿಯಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತೆ. ಮಧ್ಯಾಹ್ನದವರೆಗೆ ಎಲ್ಲ ಸುಸೂತ್ರ. ಎರಡು ಗಂಟೆಗೆ ಸಾಲು ತೆಳ್ಳಗಾಯಿತು. ಶಾಯಿಗೆ ಕೂತಿದ್ದ ಪ್ರೈಮರಿ ಶಾಲೆಯ ಅಕ್ಕೋರು, "ಸಾರ್, ಒಂದು ತುತ್ತು ಉಂಡು ಬರ್ಲಾ?" ಎಂದು ಕೇಳಿದರು. "ಹೋಗಿ ಬನ್ನಿ ಅಕ್ಕೋರೇ, ನಾನು ನೋಡ್ಕಳ್ತೆ" ಎಂದು ಅವರ ಜಾಗದಲ್ಲಿ ಕೂತೆ. ಕಡ್ಡಿ ಕೈಗೆ ತಾಗಿದ್ದೇ ತಡ, ಕೈಗೆ ಹಳೆಯ ನೆನಪೆಲ್ಲ ಬಂತು.

ಆಗ ಜೀಪು ಬಂತು. ವಿಜ್ಞಾನ ಮಾಸ್ತರು ಇಳಿದ. ಎಡಗೈಯಲ್ಲಿ ಕೂಲಿಂಗ್ ಗ್ಲಾಸು ತಿರುಗಿಸುತ್ತಾ ಒಳಗೆ ಬಂದ. ನನ್ನನ್ನು ಕಂಡು ಬಾಗಿಲಲ್ಲೇ ನಿಂತು, ಏಜೆಂಟರೆಲ್ಲ ಕೇಳುವ ಹಾಗೆ ಅಂದ:

"ಎಂತ ಪ್ರಿಸೈಡಿಂಗ್ ಆಫೀಸರ್ರೇ, ಕುರ್ಚಿ ಕೊಟ್ರೂ ಶಾಯಿ ಬಿಡ್ಲಿಲ್ವಾ? ನಾ ಆವತ್ತೇ ಹೇಳಿದ್ದೆ, ಶಾಯಿಗೆ ಇಂಥ ಕೈ ಬೇಕು ಅಂತ!"

ಏಜೆಂಟರು ನಕ್ಕರು. ಅಡ್ಡಿಯಿಲ್ಲ, ನಾನೂ ನಕ್ಕೆ. ಅವನು ಹತ್ತಿರ ಬಂದು, "ಆದ್ರೂ ಅಭಿನಂದನೆ ಮಾರಾಯಾ" ಎಂದು ಕೈ ಚಾಚಿದ. ಮುಂದೆ ಆದದ್ದು ಒಂದು ಕ್ಷಣದಲ್ಲಿ ಆಯಿತು. ಕೂಲಿಂಗ್ ಗ್ಲಾಸು ನೆಲಕ್ಕೆ ಬಿತ್ತು. ಅವನ ತೋರುಬೆರಳು ನನ್ನ ಮುಷ್ಟಿಯಲ್ಲಿತ್ತು. ಉಗುರಿನ ತುದಿಯಿಂದ ಗೆಣ್ಣಿನವರೆಗೆ, ಒಂದು ಹನಿ ಆಚೀಚೆ ಬೀಳದ ಹಾಗೆ, ಗೆರೆ ಎಳೆದು ಆಗಿತ್ತು.

"ಏ! ಎಂತ ಮಾಡಿದ್ಯಾ? ನಾ ಇನ್ನೂ ಓಟೇ ಹಾಕಲಿಲ್ಲ!"

"ಅಯ್ಯೋ ಕರ್ಮವೇ! ಅಭ್ಯಾಸ ಮಾರಾಯಾ, ಅಭ್ಯಾಸ" ಎಂದು ನಾನು ತಲೆ ಚಚ್ಚಿಕೊಂಡೆ.

ಅವನು ಪ್ಯಾಂಟಿಗೆ ಒರೆಸಿದ, ಎಂಜಲು ಹಚ್ಚಿ ಉಜ್ಜಿದ. ಈ ಶಾಯಿಯ ಗುಣ ಅವನಿಗಿಂತ ನನಗೆ ಚೆನ್ನಾಗಿ ಗೊತ್ತು. ಕೊನೆಗೆ ಜೀಪು ಹತ್ತಿ ಶಿರಾಲಿಗೆ ಓಡಿದ. ಅಲ್ಲಿ ಹೆಂಡತಿ ಸೀರೆ ಉಟ್ಟು ಇವನಿಗಾಗಿ ಕಾದು ನಿಂತಿದ್ದರು. ಇಬ್ಬರೂ ಒಳಗೆ ಹೋದರು. ಶಾಯಿಯವರು ಇವನ ಬೆರಳು ನೋಡಿ, "ಮಾಸ್ತರೇ, ನಿಮ್ಮದು ಆಗಿದೆಯಲ್ಲ!" ಅಂದರಂತೆ. ಇಡೀ ಊರು ಸಾಲಿನಲ್ಲಿ ನಿಂತಿತ್ತು. ಇವನು ಕಥೆ ಹೇಳಿದ, ಯಾರೂ ನಂಬಲಿಲ್ಲ. ಅಲ್ಲಿನ ಪ್ರಿಸೈಡಿಂಗ್ ಆಫೀಸರು, "ಶಾಯಿ ಹಚ್ಚಿದ ಬೂತಿನ ಪ್ರಿಸೈಡಿಂಗ್ ಆಫೀಸರ್ ಕೈಯಿಂದ ಬರೆಸಿಕೊಂಡು ಬನ್ನಿ, ಸಹಿ ಮತ್ತು ಸೀಲು ಬೇಕು" ಎಂದರಂತೆ.

ನಾಲ್ಕು ಗಂಟೆಗೆ ಜೀಪು ವಾಪಸು. ಅವನು ನೇರ ಒಳಗೆ ನುಗ್ಗಿದ. ಅಷ್ಟರಲ್ಲಿ ಮತ್ತೆ ಸಾಲು ಬೆಳೆದಿತ್ತು, ನಾನು ನನ್ನ ದೊಡ್ಡ ಕುರ್ಚಿಯಲ್ಲಿ ಕೂತಿದ್ದೆ.

"ಬೇಗ ಬರೆದು ಕೊಡು ಮಾರಾಯಾ, ಐದಕ್ಕೆ ಮುಗೀತದೆ."

"ಸಾರ್, ನೀವೇ ತರಬೇತಿಯಲ್ಲಿ ಕಲಿಸಿದ್ದು" ಎಂದೆ. "ಬೂತಿನ ಒಳಗೆ ಎಲ್ಲರೂ ಸಮಾ. ಲೈನಲ್ಲಿ ಬನ್ನಿ."

ಎಂಟು ಹೆಂಗಸರ ಹಿಂದೆ ನಿಂತ. ಒಬ್ಬೊಬ್ಬರೂ ಅವನ ಬೆರಳು ನೋಡಿ, "ನಿಮ್ಮದು ಆತಲ್ಲ, ಮತ್ತೆಂತಕ್ಕೆ ಬಂದ್ರಿ?" ಎಂದು ಕೇಳಿದರು. ಅವನ ಸರದಿ ಬಂದಾಗ ನಾನು ಬಿಳಿ ಹಾಳೆ ತೆಗೆದು ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದೆ: ಇವರು ಮತ ಚಲಾಯಿಸಿರುವುದಿಲ್ಲ, ಬಹುವರ್ಷಗಳ ಅಭ್ಯಾಸಬಲದಿಂದ ಶಾಯಿ ಹಚ್ಚಲ್ಪಟ್ಟಿದೆ. ಕೆಳಗೆ 'ಅಧ್ಯಕ್ಷಾಧಿಕಾರಿ' ಎಂದು ನಿಧಾನಕ್ಕೆ, ಒತ್ತಕ್ಷರ ಸಮೇತ, ಬರೆದು ಸಹಿ ಹಾಕಿದೆ. ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ಯಾವ ಸಹಿಯನ್ನೂ ಹಾಕಿದ್ದಿಲ್ಲ.

ಅವನು ಐದಕ್ಕೆ ಐದು ನಿಮಿಷ ಇರುವಾಗ ಓಟು ಹಾಕಿದನಂತೆ. ತೋರುಬೆರಳಲ್ಲಿ ಜಾಗ ಇಲ್ಲವೆಂದು ಪಕ್ಕದ ಬೆರಳಿಗೂ ಹಚ್ಚಿ ಕಳಿಸಿದರು. ಶಾಲೆ ಶುರುವಾಗುವ ತನಕ ಎರಡು ಕಪ್ಪು ಬೆರಳು ಹೊತ್ತು ತಿರುಗಿದ. ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ಒಬ್ಬಳು ಬಂಗಡೆ ತೂಗುತ್ತಾ, "ಮಾಸ್ತರೇ, ಮಕ್ಕಳಿಗೆ ಬುದ್ಧಿ ಹೇಳೋರು ನೀವು, ಎರಡೆರಡು ಓಟು ಹಾಕೂದಾ?" ಎಂದು ಬೈದಳಂತೆ. ಅದನ್ನು ಅವನೇ ನನಗೆ ಹೇಳಿ, "ಪಾಪ, ನಿಂದೆಂತ ತಪ್ಪು, ಅಭ್ಯಾಸಬಲ" ಎಂದ. ಒಳ್ಳೆಯ ಮನುಷ್ಯ. ಹೇಗಾಯಿತು ಎಂದು ಆಫೀಸಿನಲ್ಲಿ ಯಾರೂ ಕೇಳಲಿಲ್ಲ, ಸ್ಟಾಫ್‌ರೂಮಿನಲ್ಲೂ ಕೇಳಲಿಲ್ಲ, ನನ್ನ ಮಾತನ್ನು ಎಲ್ಲರೂ ನಂಬಿದರು.

ನನ್ನ ಹೆಂಡತಿ ಒಬ್ಬಳೇ, ಇಡೀ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು.

"ಅಲ್ಲ, ಅವ್ರು ಕೈ ಕುಲುಕೂಕೆ ಕೊಟ್ಟಿದ್ದು ಬಲಗೈ ಅಲ್ದಾ?"

"ಹೌದು."

"ಶಾಯಿ ಹಚ್ಚಿದ್ದು ಎಡಗೈಗೆ ಅಲ್ದಾ?"

ನಾನು ಅನ್ನ ಕಲಸುತ್ತಾ, "ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಆಗಿದೆ ನೋಡು" ಅಂದೆ.